ಮೂವತ್ಮೂರನೇ ನಂಬರು

ನಮ್ಮ ಕಸುಬಿನಲ್ಲಿ ನಂಬರು ಏರಿದಷ್ಟೂ ತಂತಿ ಸಣ್ಣ.
ಹದಿನೆಂಟು ಅಂದರೆ ಪಂಪ್‌ಸೆಟ್ಟಿನ ದಪ್ಪ,
ಮೂವತ್ತಾರು ಅಂದರೆ ಫ್ಯಾನಿನ ಕೂದಲೆಳೆ.
ಗಿಟಾರಿನವರದು ಉಲ್ಟಾ. ಹತ್ತು ಸಣ್ಣ, ಹನ್ನೆರಡು ದಪ್ಪ,
ಅಂಗುಲವನ್ನು ಸಾವಿರ ಹೋಳು ಮಾಡಿ ಅದರಲ್ಲಿ ಹತ್ತು.
ಸಂತೆಪೇಟೆಯ ಅಂಗಡಿ ಹುಡುಗ ಇಷ್ಟು ಹೇಳಿ
'ಮಗನಿಗಾ, ಆಂಟಿ?' ಅಂದ.
ಅಲ್ಲಪ್ಪ, ಬೆರಳಿಗೆ.

ಗಿಟಾರು ಫ್ಲೋರ್ ಮಿಲ್ ಅನ್ಸೆಲ್ಮನದು.
ಮೋಟಾರು ಬಿಡಿಸಿಕೊಳ್ಳಲು ಎರಡು ಸಾವಿರ ಕಮ್ಮಿ ಬಿದ್ದು
'ಇದು ಇರಲಿ ಜಯಶೀಲಕ್ಕ' ಅಂತ ಒರಗಿಸಿ ಹೋದವನು
ಎರಡು ಆಲೂಗಡ್ಡೆ ಬೆಳೆ ಕಳೆದರೂ ಬಂದಿಲ್ಲ.
ಹೊಟ್ಟೆಯೊಳಗೆ ಊದಿದರೆ ಇವತ್ತಿಗೂ ರಾಗಿ ಹಿಟ್ಟು ಏಳುತ್ತದೆ.

ಹನ್ನೆರಡರ ಸೆಟ್ಟು ಹಾಕಿದ್ದ.
ಅವನದು ಮೂಟೆ ಎತ್ತುವ ಕೈ,
ಮೇಲಾಗಿ ಗಿರಣಿಯ ಸದ್ದನ್ನು ಮೀರಬೇಕಿತ್ತಲ್ಲ.
ನನ್ನದು ಪೆನ್ಷನ್ ಮೊಹಲ್ಲಾದ ಒಂದೇ ಬಾಗಿಲಿನ ವೈಂಡಿಂಗ್ ಅಂಗಡಿ,
ಎಡಗೈ ಉಂಗುರದ ಬೆರಳಿಗೆ ಉಗುರು ಅರ್ಧವೇ.
ಎಫ್ ಹಿಡಿದರೆ ಹನ್ನೆರಡರ ತಂತಿ
ಆ ಅರ್ಧವನ್ನೂ ಕೇಳುತ್ತಿತ್ತು.

ಸುಟ್ಟ ಮೋಟಾರು ಬಂದರೆ ಮೊದಲು ಕಾಯಿಲು ಕೊಯ್ದು ಎಣಿಸುತ್ತೇನೆ.
ಐವತ್ತೆಂಟು ಸುತ್ತು, ಇಪ್ಪತ್ತೊಂದು ನಂಬರು.
ಹಾಗಾದರೆ ಐವತ್ತೆಂಟೇ ಸುತ್ತಬೇಕು, ಇಪ್ಪತ್ತೊಂದೇ ಹಾಕಬೇಕು.
ಇಪ್ಪತ್ತೆರಡು ಹಾಕಿ ತಾಮ್ರ ಉಳಿಸಿದವರ ಮೋಟಾರು
ಮೂರೇ ತಿಂಗಳಿಗೆ ಹೊಗೆ ಕಾರಿ ನನ್ನ ಬಾಗಿಲಿಗೇ ಬರುತ್ತದೆ.
ಹತ್ತೊಂಬತ್ತು ವರ್ಷದಲ್ಲಿ ಒಂದೇ ಒಂದು ತಂತಿಯನ್ನೂ
ನಾನಾಗಿ ಆರಿಸಿದವಳಲ್ಲ.
'ಯಾವ ಗೇಜು ಕೊಡಲಿ ಆಂಟಿ?'
ಗಾಜಿನ ಮೇಲೆ ಮೂರು ಪೊಟ್ಟಣ.
ಬಾಯಿ ಬರಲಿಲ್ಲ.
ಹತ್ತರದೊಂದು, ಹನ್ನೊಂದರದೊಂದು, ಎರಡಕ್ಕೂ ದುಡ್ಡು ಕೊಟ್ಟು ಬಂದೆ.

ರಾತ್ರಿ ಷಟರ್ ಅರ್ಧ ಎಳೆದು, ಕಿವಿ ತಿರುವಿ ತಿರುವಿ ಸಡಿಲಿಸಿ,
ಕಟಿಂಗ್ ಪ್ಲೇಯರಿಗೆ ಬಟ್ಟೆ ಸುತ್ತಿ ಆರು ಗೂಟ ಕಿತ್ತೆ.
ಮರ ಟಿಕ್ ಅಂದಿತು, ಒಂದೇ ಸಲ.
ಹೊಸ ಒಂದನೇ ತಂತಿಯನ್ನು ಮೈಕ್ರೋಮೀಟರಿನ ಬಾಯಿಗೆ ಕೊಟ್ಟರೆ
ಪಾಯಿಂಟ್ ಎರಡು ಐದು.
ಅಯ್ಯೋ, ನಮ್ಮ ಮೂವತ್ಮೂರು!
ಎಷ್ಟು ಮಿಕ್ಸಿಗೆ ಸುತ್ತಿಲ್ಲ ಇದನ್ನು.

ಬೆರಳಿಗೆ ಸುಖವಾಯಿತು.
ದನಿ ಮಾತ್ರ ಸೋಸಿದ ಸಾರು.
ಬೆಳಿಗ್ಗೆ ಎದ್ದು ಮೀಟಿದರೆ ಆರನೇ ತಂತಿ
ಎರಡನೇ ಮನೆಯಲ್ಲಿ ಜರ್ರ್ ಅನ್ನುತ್ತದೆ, ಬೇರಿಂಗ್ ಹೋದ ಹಾಗೆ.
ಒಂದು ಕಣ್ಣು ಮುಚ್ಚಿ ಕತ್ತಿನುದ್ದಕ್ಕೂ ನೋಡಿದೆ.
ಇಷ್ಟು ವರ್ಷ ಹನ್ನೆರಡರ ಎಳೆತಕ್ಕೆ ಕೂದಲಷ್ಟು ಬಾಗಿ
ಹೇಗೋ ನಿಂತಿತ್ತು.
ಭಾರ ಇಳಿಸಿದೆ ನೋಡಿ, ನೆಟ್ಟಗಾಗಿಬಿಟ್ಟಿದೆ.
ನೆಟ್ಟಗಾದದ್ದೇ ತಕರಾರು.

ಅಲನ್ ಕೀ ತೂರಿಸಿ ಕಾಲು ಸುತ್ತು ಬಿಟ್ಟೆ.
ಒಂದು ಹಗಲು ಮುಟ್ಟಲಿಲ್ಲ.
ಗಿರಾಕಿಯ ಕೂಲರಿಗೆ ವಾರ್ನಿಷ್ ಬಳಿದು ಬಿಸಿಲಿಗಿಟ್ಟೆ,
ಸಂಜೆ ಎರಡನೇ ಪೊಟ್ಟಣ ಹರಿದೆ.
ಸಣ್ಣವು ಮೂರು ಹತ್ತರವು, ದಪ್ಪನವು ಮೂರು ಹನ್ನೊಂದರವು.
ಯಾವ ಕಂಪನಿಯವನೂ ಬರೆದುಕೊಡದ ಲೆಕ್ಕ.
ಇದು ಸುಟ್ಟರೂ ನಂದೇ.

ಶನಿವಾರ ಅನ್ಸೆಲ್ಮ್ ಬಂದ, ದುಡ್ಡು ತಂದಿರಲಿಲ್ಲ.
ನಿಂತೇ ಎರಡು ಸಲ ಮೀಟಿ
'ಉಪ್ಪು ಕಮ್ಮಿ' ಅಂದ.
ನನಗೆ ಬಿ.ಪಿ. ಇದೆ ಮಾರಾಯ ಅಂದೆ.

ಹಳೆಯ ಆರನೇ ತಂತಿಯನ್ನು ಎಸೆದಿಲ್ಲ.
ಸ್ಲಾಟಿನ ಮೂಲೆಯಲ್ಲಿ ಕೂತ ಕರಕು ಕೆರೆಯಲು
ಅಷ್ಟು ಒಳ್ಳೆಯ ಅರ ಈ ಊರಲ್ಲಿ ಸಿಗುವುದಿಲ್ಲ.